ದೂರದ ಬೆಟ್ಟ, ಹತ್ತಿರದ ಸೈಕಲ್ಲು

ಜೂನ್ ತಿಂಗಳು ಬಂತೆಂದರೆ ಸೈಕಲ್ ಅಂಗಡಿಗಳ ಮುಂದೆ ಅಪ್ಪ-ಮಕ್ಕಳ ನಡುವೆ ಒಂದು ಸಣ್ಣ ಜಗ್ಗಾಟ ನಡೆಯುತ್ತದೆ. ಬಂಗಾರಪೇಟೆಯಾದರೂ ಅಷ್ಟೇ, ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಾದರೂ ಅಷ್ಟೇ. ಹುಡುಗನ ಕಣ್ಣು ಬಾಗಿಲ ಬಳಿ ನಿಲ್ಲಿಸಿದ ದಪ್ಪ ಟೈರಿನ 'ಎಂಟಿಬಿ'ಯ ಮೇಲೆ. ಅದಕ್ಕೆ ಮುಂದೆ ಶಾಕ್ ಅಬ್ಸಾರ್ಬರ್ ಇದೆ, ಎರಡೂ ಚಕ್ರಕ್ಕೆ ಡಿಸ್ಕ್ ಬ್ರೇಕ್ ಇದೆ, ಹ್ಯಾಂಡಲ್ಲಿನ ಎರಡೂ ಕಡೆ ಗೇರು ಬದಲಿಸುವ ಗುಂಡಿಗಳಿವೆ. ಅಪ್ಪನ ಕೈ ಮಾತ್ರ ಒಳಗಿರುವ ಕಪ್ಪು ಸೈಕಲ್ಲಿನ ಕ್ಯಾರಿಯರನ್ನು ಅಲುಗಾಡಿಸಿ ನೋಡುತ್ತಿರುತ್ತದೆ. 'ಅಣ್ಣಾ, ಆ ಗೇರ್ ಸೈಕಲ್ಲಿಗೆ ಹಾಲಿನ ಕ್ಯಾನು ಕಟ್ಟೋಕಾಗುತ್ತಾ?' ಎಂಬುದು ಅವನ ಪ್ರಶ್ನೆ.

ಈ ಪ್ರಶ್ನೆಗೆ ಈಗ ಹಿಂದೆಂದಿಗಿಂತ ಹೆಚ್ಚು ತೂಕವಿದೆ. ರಾಜ್ಯ ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಆರಂಭಿಸಿದ ಮೇಲೆ ಅನೇಕ ಹಳ್ಳಿಮನೆಗಳಿಗೆ ಮೊದಲ ಸೈಕಲ್ಲು ಶಾಲೆಯ ಅಂಗಳದಿಂದಲೇ ಬಂತು. 2020ರಲ್ಲಿ ಕೋವಿಡ್ ಬಂದಾಗ ವಿತರಣೆ ನಿಂತಿತು. ಹೈಸ್ಕೂಲು ಸೇರುವ ಮಗುವಿಗೆ ಸೈಕಲ್ ಕೊಡಿಸುವ ಭಾರ ಮತ್ತೆ ಮನೆಯವರ ಹೆಗಲಿಗೇ ಬಿತ್ತು. ದಿನಗೂಲಿಯ ಸಂಸಾರಕ್ಕೆ ಹದಿನೈದು ಸಾವಿರ ರೂಪಾಯಿ ಎಂದರೆ ಹಲವು ವಾರಗಳ ದುಡಿಮೆ. ಅಷ್ಟು ಹಣ ಕೊಟ್ಟು ತಂದ ಸೈಕಲ್ಲು ಎರಡನೇ ಮಳೆಗಾಲಕ್ಕೆ ಗೋಡೆಗೆ ಒರಗಿದರೆ ಮಗು ಮತ್ತೆ ನಡೆದೇ ಶಾಲೆಗೆ ಹೋಗಬೇಕು. ಆದ್ದರಿಂದ ಈ 'ಬೆಟ್ಟದ ಸೈಕಲ್ಲು' ಏನು, ಅದರಲ್ಲಿ ಕೆಲಸಕ್ಕೆ ಬರುವುದೆಷ್ಟು, ತೋರಿಕೆ ಎಷ್ಟು ಎಂಬುದನ್ನು ಬಿಡಿಸಿ ನೋಡುವುದು ಒಳ್ಳೆಯದು.

ಎಲ್ಲಿಯ ಬೆಟ್ಟ?

ಈ ಸೈಕಲ್ಲಿನ ತವರು ಅಮೆರಿಕದ ಕ್ಯಾಲಿಫೋರ್ನಿಯಾ. ಸ್ಯಾನ್ ಫ್ರಾನ್ಸಿಸ್ಕೋದ ಉತ್ತರಕ್ಕೆ ಮರಿನ್ ಎಂಬ ಕೌಂಟಿ, ಅಲ್ಲಿ ಟಮಾಲ್‌ಪೈಸ್ ಎಂಬ ಬೆಟ್ಟ. 1970ರ ದಶಕದಲ್ಲಿ ಅಲ್ಲಿನ ಕೆಲವು ಯುವಕರು 1930-40ರ ದಶಕಗಳ ದಪ್ಪ ಟೈರಿನ ಹಳೆಯ ಸೈಕಲ್ಲುಗಳನ್ನು ಗುಜರಿಯಿಂದ ಎತ್ತಿ ತಂದು ಮಣ್ಣುದಾರಿಯಲ್ಲಿ ಇಳಿಜಾರಿಗೆ ಬಿಡುವ ಆಟ ಶುರುಮಾಡಿದರು. 1976ರ ಅಕ್ಟೋಬರ್ 21ರಂದು ನಡೆದ ಅವರ ಮೊದಲ ಪಂದ್ಯದ ಹೆಸರು 'ರೀಪ್ಯಾಕ್'. ಇಳಿಯುವಾಗ ಹಿಂದಿನ ಹಬ್ಬಿನೊಳಗಿನ ಬ್ರೇಕು ಕಾದು ಗ್ರೀಸೆಲ್ಲ ಸುಟ್ಟು ಹೊಗೆಯಾಗುತ್ತಿತ್ತು. ಪ್ರತಿ ಸಲವೂ ಹಬ್ಬು ಬಿಚ್ಚಿ ಹೊಸ ಗ್ರೀಸು ತುಂಬಬೇಕಾಗುತ್ತಿತ್ತು. ಹೆಸರು ಹುಟ್ಟಿದ್ದು ಆ ಕೆಲಸದಿಂದ. ನಮ್ಮ ಸೈಕಲ್ ಮೆಕ್ಯಾನಿಕ್ಕುಗಳಿಗೆ ಇದೇನೂ ಹೊಸದಲ್ಲ. ಇಲ್ಲಿ ಅದಕ್ಕೆ 'ಓವರಾಯಿಲಿಂಗ್' ಎನ್ನುತ್ತಾರೆ, ಅಷ್ಟೇ.

ಅದೇ ಗುಂಪಿನ ಗ್ಯಾರಿ ಫಿಶರ್ ಮತ್ತು ಚಾರ್ಲಿ ಕೆಲ್ಲಿ 1979ರಲ್ಲಿ ಇಂಥ ಸೈಕಲ್ಲುಗಳನ್ನು ಮಾರುವ ಸಂಸ್ಥೆ ತೆರೆದರು. ಚೌಕಟ್ಟುಗಳನ್ನು ಕಟ್ಟಿಕೊಟ್ಟವನು ಟಾಮ್ ರಿಚಿ. 1981ರಲ್ಲಿ ಸ್ಪೆಷಲೈಸ್ಡ್ ಕಂಪನಿಯ 'ಸ್ಟಂಪ್‌ಜಂಪರ್' ಬಂದಾಗ ಬೆಟ್ಟದ ಸೈಕಲ್ಲು ಕಾರ್ಖಾನೆಯ ಸರಕಾಯಿತು. ವಿಶೇಷವೆಂದರೆ, ಆಗಿನ ಆ ಸೈಕಲ್ಲುಗಳಿಗೆ ಮುಂದೆಯೂ ಸ್ಪ್ರಿಂಗ್ ಇರಲಿಲ್ಲ, ಹಿಂದೆಯೂ ಇರಲಿಲ್ಲ. ಬೆಟ್ಟದ ಸೈಕಲ್ಲಿಗೆಂದೇ ಮಾಡಿದ ಸ್ಪ್ರಿಂಗ್ ಫೋರ್ಕು ರಾಕ್‌ಶಾಕ್ಸ್ ಹೆಸರಿನಲ್ಲಿ ಮಾರುಕಟ್ಟೆ ಕಂಡದ್ದು 1980ರ ದಶಕದ ಕೊನೆಗೆ. ಆಮೇಲೆ ಹಿಂಚಕ್ರಕ್ಕೂ ಸ್ಪ್ರಿಂಗ್ ಕೊಟ್ಟ ಮಾದರಿಗಳು ಬಂದವು. ಮುಂದೆ ಮಾತ್ರ ಸ್ಪ್ರಿಂಗ್ ಇದ್ದು ಹಿಂಭಾಗ ಬಿಗಿಯಾಗಿರುವ ಸೈಕಲ್ಲಿಗೆ 'ಹಾರ್ಡ್‌ಟೇಲ್' ಎಂಬ ಹೆಸರು ನಿಂತಿತು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಬೆಟ್ಟದ ಸೈಕಲ್ ಓಟಕ್ಕೆ ಜಾಗ ಸಿಕ್ಕಿತು.

ಭಾರತದಲ್ಲಿ ಆ ಹೊತ್ತಿಗೆ ಹೀರೊ ರೇಂಜರ್‌ನಂಥ ನೇರ ಹ್ಯಾಂಡಲ್ಲಿನ, ದಪ್ಪ ಟೈರಿನ ಸೈಕಲ್ಲುಗಳು ಹುಡುಗರ ಮನಸ್ಸು ಗೆದ್ದಿದ್ದವು. ಲುಧಿಯಾನದ ಹೀರೊ, ಏವನ್, ಚೆನ್ನೈನ ಅಂಬತ್ತೂರಿನಲ್ಲಿ 1949ರಲ್ಲಿ ಶುರುವಾದ ಟಿಐ ಸೈಕಲ್ಸ್‌ನ ಹರ್ಕ್ಯುಲಿಸ್, ಬಿಎಸ್ಎ ಇವೆಲ್ಲ ನಮ್ಮ ಅಂಗಡಿಗಳ ಹಳೆಯ ನೆಂಟರು. 1951ರಲ್ಲಿ ಸೋನಿಪತ್‌ನಲ್ಲಿ ಹುಟ್ಟಿದ ಅಟ್ಲಾಸ್ ಮಾತ್ರ 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ತನ್ನ ಕೊನೆಯ ದೊಡ್ಡ ಕಾರ್ಖಾನೆಯ ಕೆಲಸ ನಿಲ್ಲಿಸಿತು. ಹೊಸಬರಲ್ಲಿ 2005ರಲ್ಲಿ ಆರಂಭವಾಗಿ 2015ರಲ್ಲಿ ಹೀರೊ ಕೈಸೇರಿದ ಫೈರ್‌ಫಾಕ್ಸ್ ಇದೆ, ಫ್ರಾನ್ಸಿನ ಡೆಕಾಥ್ಲಾನ್ ಮಳಿಗೆಗಳ ರಾಕ್‌ರೈಡರ್ ಇದೆ. ಆಯ್ಕೆ ಹೆಚ್ಚಾದಷ್ಟೂ ಗೊಂದಲವೂ ಹೆಚ್ಚು.

ಇಲ್ಲಿಯ ದಾರಿ

ಕೋಲಾರ ಚಿನ್ನದ ಗಣಿಗೆ ಸೈಕಲ್ಲು ಬಹಳ ಹಳೆಯ ಗೆಳೆಯ. ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗಿನ 16 ಕಿಲೋಮೀಟರ್ ರೈಲುಹಾದಿ 1894ರಲ್ಲೇ ತೆರೆಯಿತು. ಆದರೆ ರೈಲು ಮನೆಬಾಗಿಲಿಗೆ ಬರುವುದಿಲ್ಲ. ಕೋರಮಂಡಲ್, ಉರಿಗಾಂ, ಚಾಂಪಿಯನ್ ರೀಫ್‌ಗಳ ಕಾರ್ಮಿಕರ ಲೈನುಗಳಿಂದ ಗಣಿಬಾಯಿಗೆ, 1964ರಲ್ಲಿ ಸ್ಥಾಪನೆಯಾದ ಬಿಇಎಂಎಲ್‌ನ ಕಾರ್ಖಾನೆಗೆ ಪಾಳಿ ಹಿಡಿದು ಹೋಗುವವರಿಗೆ ಸೈಕಲ್ಲೇ ಆಸರೆ. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿದ ಮೇಲೆ ಎಷ್ಟೋ ಮಂದಿ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೊರಟರು. ಮನೆಯಿಂದ ಸ್ಟೇಷನ್ನಿನವರೆಗಿನ ಎರಡು-ಮೂರು ಮೈಲಿಗೆ ಬೇಕಾದದ್ದು ಮತ್ತೆ ಅದೇ ಸೈಕಲ್ಲು.

ಇಲ್ಲಿಯ ನೆಲಕ್ಕೆ ತನ್ನದೇ ಗುಣವಿದೆ. ಊರು ಬಿಟ್ಟರೆ ಕೆಂಪು ಮಣ್ಣು, ಗರಸು, ಅಲ್ಲಲ್ಲಿ ಹಾಸುಬಂಡೆ. ರಸ್ತೆಯಂಚಿನಲ್ಲಿ ಜಾಲಿ. ಬೇತಮಂಗಲದ ಕಡೆ ಹೊರಟರೂ ಬೂದಿಕೋಟೆಯ ಕಡೆ ಹೊರಟರೂ ಏರಿಳಿತ ಸಣ್ಣದು. ಕೋಲಾರದ ಅಂತರಗಂಗೆ, ತೇರಹಳ್ಳಿ ಬೆಟ್ಟದ ಕಡೆ ತಿರುಗಿದರೆ ಮಾತ್ರ ಏರು ಎಂದರೇನೆಂದು ತೊಡೆಗೆ ತಿಳಿಯುತ್ತದೆ. ಅಂದರೆ ಇಲ್ಲಿ ಸೈಕಲ್ಲಿಗೆ ವರ್ಷವಿಡೀ ಎದುರಾಗುವ ಶತ್ರುಗಳು ಮೂರು: ಮುಳ್ಳು, ಗುಂಡಿ, ಮಣ್ಣಿನ ಧೂಳು. ಬೆಟ್ಟದ ಇಳಿಜಾರು ಆಮೇಲಿನ ಮಾತು. ಕೊಳ್ಳುವವರು ಈ ಮೂರನ್ನು ನೆನಪಿಟ್ಟುಕೊಂಡು ಸೈಕಲ್ಲಿನ ಒಂದೊಂದು ಭಾಗವನ್ನೂ ನೋಡಬೇಕು.

ಮುಂದಿನ ಶಾಕು

ಜಾಹೀರಾತಿನಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಮುಂದಿನ ಸ್ಪ್ರಿಂಗ್ ಫೋರ್ಕು. ಒಳ್ಳೆಯ ಫೋರ್ಕು ಎರಡು ಕೆಲಸ ಮಾಡುತ್ತದೆ. ಗುಂಡಿಗೆ ಬಿದ್ದಾಗ ಕುಗ್ಗುತ್ತದೆ. ಕುಗ್ಗಿದ್ದು ಮೇಲೇಳುವಾಗ ಒಮ್ಮೆಲೇ ಚಿಮ್ಮದಂತೆ ಎಣ್ಣೆಯ ಒತ್ತಡದಿಂದ ತನ್ನನ್ನು ತಾನೇ ತಡೆದುಕೊಳ್ಳುತ್ತದೆ. ಅಗ್ಗದ ಫೋರ್ಕಿನಲ್ಲಿ ಮೊದಲನೆಯದಷ್ಟೇ ಇರುತ್ತದೆ. ಒಳಗೆ ಒಂದು ಉಕ್ಕಿನ ಸುರುಳಿ, ಕೆಲವೊಮ್ಮೆ ಜೊತೆಗೊಂದು ರಬ್ಬರಿನ ತುಂಡು. ಒತ್ತಿದರೆ ಕೆಳಗೆ, ಬಿಟ್ಟರೆ ಮೇಲಕ್ಕೆ. ಗುಂಡಿ ದಾಟಿದ ಮೇಲೂ ಹ್ಯಾಂಡಲ್ಲು ಕುಣಿಯುತ್ತಲೇ ಇರುತ್ತದೆ.

ಇದಕ್ಕೆ ತೆರುವ ಬೆಲೆ ಹಣವಷ್ಟೇ ಅಲ್ಲ. ಸಾದಾ ಉಕ್ಕಿನ ಫೋರ್ಕು ಸುಮಾರು ಒಂದು ಕಿಲೋ ಚಿಲ್ಲರೆ ತೂಗಿದರೆ, ಅಗ್ಗದ ಸ್ಪ್ರಿಂಗ್ ಫೋರ್ಕು ಎರಡೂವರೆ ಕಿಲೋ ಮುಟ್ಟುತ್ತದೆ. ಜೊತೆಗೆ, ಏರಿನಲ್ಲಿ ಎದ್ದು ನಿಂತು ತುಳಿಯುವಾಗ ಕಾಲಿನ ಬಲದ ಒಂದು ಪಾಲು ಚಕ್ರಕ್ಕೆ ಹೋಗದೆ ಸ್ಪ್ರಿಂಗನ್ನು ಕುಗ್ಗಿಸಲು ವ್ಯಯವಾಗುತ್ತದೆ. ಕೆಂಧೂಳು ರಬ್ಬರ್ ಸೀಲು ದಾಟಿ ಒಳಗಿಳಿದರೆ ಎರಡು ವರ್ಷದಲ್ಲಿ ಫೋರ್ಕು ಜಾಮಾಗಿ ಬರೀ ಭಾರವಾಗಿ ಉಳಿಯುತ್ತದೆ.

ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ. ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲ್ ಮೇಲೆ ಮೈಭಾರ ಹಾಕಿ ಒತ್ತಿ, ಬಿಡಿ. ಫೋರ್ಕು ತಡೆದು ತಡೆದು ಮೇಲೆದ್ದರೆ ಸರಿ. ಬೆರಳು ಬಿಟ್ಟ ರಬ್ಬರ್ ಬ್ಯಾಂಡಿನಂತೆ ಟಕ್ಕನೆ ಎದ್ದು 'ಠಣ್' ಎಂದರೆ ಅದು ತೋರಿಕೆಯದು. ಹಾಗೆಯೇ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ತೂಗಿ ನೋಡಿ. ಕಾಲುಗಳ ನಡುವೆ ಲೊಡಲೊಡ ಎಂದರೆ ಫೋರ್ಕಿನ ಒಳಗೆ ಅಥವಾ ಹ್ಯಾಂಡಲ್ಲಿನ ಬುಡದ ಬಾಲ್ಸುಗಳಲ್ಲಿ ಸಡಿಲವಿದೆ ಎಂದರ್ಥ. ಇನ್ನಷ್ಟು ಬೆಲೆ ಕೊಡುವವರಿಗೆ 'ಲಾಕ್‌ಔಟ್' ಇರುವ ಫೋರ್ಕು ಸಿಗುತ್ತದೆ. ಒಂದು ಗುಂಡಿ ತಿರುಗಿಸಿದರೆ ಸ್ಪ್ರಿಂಗ್ ಬಿಗಿಯಾಗುತ್ತದೆ. ಡಾಂಬರು ರಸ್ತೆಗೆ ಇದು ಉಪಯುಕ್ತ.

ಇಪ್ಪತ್ತೊಂದು ಗೇರಿನ ಲೆಕ್ಕ

'ಇಪ್ಪತ್ತೊಂದು ಗೇರು' ಎಂದಾಗ ಹುಡುಗರ ಮುಖ ಅರಳುತ್ತದೆ. ಈ ಲೆಕ್ಕವನ್ನು ಕಾಗದದ ಮೇಲೆ ಮಾಡಿ ನೋಡಬಹುದು. ಇಂಥ ಸೈಕಲ್ಲುಗಳಲ್ಲಿ ಮುಂದೆ 42, 34, 24 ಹಲ್ಲಿನ ಮೂರು ಚಕ್ರ, ಹಿಂದೆ 14, 16, 18, 20, 22, 24, 28 ಹಲ್ಲಿನ ಏಳು ಚಕ್ರ ಇರುವುದು ಸಾಮಾನ್ಯ. ಮೂರೇಳಲಿ ಇಪ್ಪತ್ತೊಂದು ನಿಜ. ಆದರೆ ಮುಂದಿನ 42ಕ್ಕೆ ಹಿಂದಿನ 28 ಹಾಕಿದರೆ ಪೆಡಲ್ ಒಂದು ಸುತ್ತಿಗೆ ಚಕ್ರ ಒಂದೂವರೆ ಸುತ್ತು. ಮುಂದಿನ 24ಕ್ಕೆ ಹಿಂದಿನ 16 ಹಾಕಿದರೂ ಒಂದೂವರೆ ಸುತ್ತೇ. 34ಕ್ಕೆ 22 ಹಾಕಿದರೂ ಹೆಚ್ಚುಕಡಿಮೆ ಅಷ್ಟೇ. ಮೂರು ಗೇರು, ಫಲ ಒಂದೇ. ದೊಡ್ಡದಕ್ಕೆ ದೊಡ್ಡದು, ಸಣ್ಣದಕ್ಕೆ ಸಣ್ಣದು ಸೇರಿಸಿದರೆ ಚೈನು ಓರೆಯಾಗಿ ಎಳೆದು ಬೇಗ ಸವೆಯುವುದರಿಂದ ಆ ಜೋಡಿಗಳನ್ನೂ ಬಿಡಬೇಕು. ಹೀಗೆ ಕಳೆಯುತ್ತ ಬಂದರೆ ನಿಜವಾಗಿ ಬೇರೆ ಬೇರೆಯಾಗಿ ಬಳಕೆಗೆ ಬರುವವು ಹನ್ನೊಂದು-ಹನ್ನೆರಡು.

ಹಾಗೆಂದು ಗೇರು ವ್ಯರ್ಥವೆಂದು ತಿಳಿಯಬಾರದು. 26 ಇಂಚಿನ ಚಕ್ರಕ್ಕೆ ಇದರಲ್ಲಿ ಅತಿ ಹಗುರ ಗೇರು ಪೆಡಲಿನ ಒಂದು ಸುತ್ತಿಗೆ ಸುಮಾರು 1.8 ಮೀಟರ್ ಒಯ್ಯುತ್ತದೆ, ಅತಿ ಭಾರದ್ದು 6.2 ಮೀಟರ್. ಮುಂದೆ 44, ಹಿಂದೆ 18 ಹಲ್ಲಿನ ಸಾದಾ ದೊಡ್ಡ ಸೈಕಲ್ಲು ಒಂದು ಸುತ್ತಿಗೆ ಸುಮಾರು ಐದೂವರೆ ಮೀಟರ್ ಒಯ್ಯುತ್ತದೆ, ಏರಾದರೂ ಅಷ್ಟೇ, ಇಳಿಜಾರಾದರೂ ಅಷ್ಟೇ. ತೇರಹಳ್ಳಿಯ ಏರಿನಲ್ಲಿ ಆ ಸೈಕಲ್ಲಿನವರು ಇಳಿದು ತಳ್ಳುವಾಗ ಗೇರಿನವರು ಕೂತೇ ಹತ್ತುತ್ತಾರೆ. ಆದರೆ ಬಂಗಾರಪೇಟೆಯ ಬೀದಿಯಲ್ಲಿ ಶಾಲೆಗೆ ಎರಡು ಕಿಲೋಮೀಟರ್ ಹೋಗಿಬರುವ ಮಗುವಿಗೆ ಆ ಹಗುರ ಗೇರು ವರ್ಷಕ್ಕೊಮ್ಮೆಯೂ ಬೇಕಾಗುವುದಿಲ್ಲ. ಅಂಥವರಿಗೆ ಗೇರಿಲ್ಲದ್ದು, ಇಲ್ಲವೇ ಹಿಂದೆ ಮಾತ್ರ ಏಳು ಗೇರಿರುವುದು ಸಾಕು. ಮುಂದಿನ ಮೂರು ಚಕ್ರ, ಅದರ ತಂತಿ, ಚೈನು ತಳ್ಳುವ ಪಟ್ಟಿ ಇಲ್ಲದಿದ್ದರೆ ಕೆಡುವ ಸಾಮಾನೂ ಅಷ್ಟು ಕಡಿಮೆ.

ಇನ್ನೊಂದು ಒಳಗುಟ್ಟು ಹಿಂಚಕ್ರದ ಹಬ್ಬಿನಲ್ಲಿದೆ. ಅಗ್ಗದ ಗೇರ್ ಸೈಕಲ್ಲುಗಳಲ್ಲಿ ಏಳು ಚಕ್ರದ ಫ್ರೀವೀಲು ಹಬ್ಬಿನ ಮೇಲೆ ತಿರುಪಿನಂತೆ ಕೂರುತ್ತದೆ. ಆಗ ಬಲಗಡೆಯ ಬಾಲ್ಸುಗಳು ಅಚ್ಚಿನ ತುದಿಯಿಂದ ಬಹಳ ಒಳಗೆ ಉಳಿದು, ಹೊರಗಿನ ಅಚ್ಚಿಗೆ ಆಸರೆ ಇರುವುದಿಲ್ಲ. ಭಾರ ಹೇರಿ ಗುಂಡಿಗೆ ಇಳಿಸಿದರೆ ಅಚ್ಚು ಬಾಗುತ್ತದೆ. ಬೆಲೆ ಹೆಚ್ಚಿನ ಸೈಕಲ್ಲುಗಳ 'ಕ್ಯಾಸೆಟ್' ಹಬ್ಬಿನಲ್ಲಿ ಬಾಲ್ಸುಗಳು ಅಚ್ಚಿನ ತುದಿಗೆ ಹತ್ತಿರವಿರುವುದರಿಂದ ಈ ತೊಂದರೆ ಕಡಿಮೆ. ಹಾಲಿನ ಕ್ಯಾನು ಕಟ್ಟುವ ಅಪ್ಪ ಕೇಳಬೇಕಾದ ಪ್ರಶ್ನೆಗಳಲ್ಲಿ ಇದೂ ಒಂದು.

ಚೌಕಟ್ಟು ಮತ್ತು ಅಳತೆ

ಚೌಕಟ್ಟು ಉಕ್ಕಿನದೋ ಅಲ್ಯೂಮಿನಿಯಂ ಮಿಶ್ರಲೋಹದ್ದೋ ಎಂಬುದು ಮುಂದಿನ ಪ್ರಶ್ನೆ. ಉಕ್ಕಿನ ಹಾರ್ಡ್‌ಟೇಲು ಹದಿನೇಳು-ಹದಿನೆಂಟು ಕಿಲೋ ತೂಗುತ್ತದೆ. ಮಿಶ್ರಲೋಹದ್ದು ಹದಿನಾಲ್ಕು-ಹದಿನೈದರ ಹತ್ತಿರ. ಎರಡನೆಯದು ಹಗುರ, ತುಕ್ಕು ಹಿಡಿಯುವುದಿಲ್ಲ. ಆದರೆ ಬಿರುಕು ಬಿಟ್ಟರೆ ರಸ್ತೆಬದಿಯ ವೆಲ್ಡಿಂಗ್ ಅಂಗಡಿಯಲ್ಲಿ ಸರಿಹೋಗುವಂಥದ್ದಲ್ಲ. ಉಕ್ಕಿನ ಚೌಕಟ್ಟನ್ನು ಯಾವ ಊರಿನಲ್ಲಾದರೂ ಬೆಸೆಯಬಹುದು, ಕ್ಯಾರಿಯರಿಗೆ ಒಂದು ಕೊಂಡಿ ಕೂರಿಸಬಹುದು. ಹೊರೆ ಹೊರುವ ಮನೆಗೆ ಉಕ್ಕು, ಬರೀ ಸವಾರಿಗೆ ಮಿಶ್ರಲೋಹ ಎಂಬುದು ಸ್ಥೂಲ ಸೂತ್ರ.

ಆದರೆ ಲೋಹಕ್ಕಿಂತ ಮುಖ್ಯವಾದದ್ದು ಅಳತೆ. 'ಬೆಳೆಯೋ ಹುಡುಗ, ದೊಡ್ಡದೇ ಇರಲಿ' ಎಂದು ಅಂಗಿ ಹೊಲಿಸುವ ಲೆಕ್ಕದಲ್ಲಿ ಸೈಕಲ್ ಕೊಂಡರೆ ಬ್ರೇಕ್ ಹಿಡಿದು ನೆಲಕ್ಕೆ ಕಾಲಿಡುವ ಗಳಿಗೆಯಲ್ಲಿ ಅಪಾಯ. ಸೀಟಿನ ಮುಂದೆ, ನಡುಬಾರಿನ ಎರಡೂ ಕಡೆ ಕಾಲಿಟ್ಟು ನಿಂತಾಗ ಬಾರಿಗೂ ಮೈಗೂ ನಡುವೆ ನಾಲ್ಕು ಬೆರಳಿನಷ್ಟಾದರೂ ಅಂತರ ಇರಬೇಕು. ಸೀಟಿನ ಎತ್ತರಕ್ಕೂ ಒಂದು ಗುರುತಿದೆ. ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಕೆಳಗಿನ ಪೆಡಲ್ ಮೇಲಿಟ್ಟರೆ ಕಾಲು ನೇರವಾಗಬೇಕು. ಆಗ ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿ ತುಸು ಬಾಗಿರುತ್ತದೆ. ಸೀಟು ತೀರಾ ಕೆಳಗಿಟ್ಟುಕೊಂಡು ತುಳಿಯುವ ಹುಡುಗರೇ 'ಮಂಡಿ ನೋವು, ಗೇರು ಸರಿಯಿಲ್ಲ' ಎನ್ನುವುದು. ಐದೂಕಾಲು ಅಡಿಯವರೆಗಿನವರಿಗೆ 15-16 ಇಂಚಿನ ಚೌಕಟ್ಟು, ಐದೂವರೆ ಅಡಿಯ ಆಸುಪಾಸಿನವರಿಗೆ 17-18 ಇಂಚಿನದು ಸಾಮಾನ್ಯವಾಗಿ ಒಗ್ಗುತ್ತದೆ. ಅಂಗಡಿಯ ಚೀಟಿಗಿಂತ ಮೈಗೆ ಹಿಡಿದು ನೋಡಿದ ಅಳತೆಯೇ ನಂಬಿಕೆಗೆ ಯೋಗ್ಯ.

ಬ್ರೇಕು

ಡಿಸ್ಕ್ ಬ್ರೇಕ್ ಮೋಟಾರ್ ಸೈಕಲ್ಲಿನ ನೆನಪು ತರುತ್ತದೆ. ಮಳೆಯಲ್ಲಿ, ಕೆಸರಿನಲ್ಲಿ ಅದು ಚೆನ್ನಾಗಿ ಹಿಡಿಯುವುದು ನಿಜ. ರಿಮ್ಮಿಗೆ ಒತ್ತುವ ಬ್ರೇಕಿನಲ್ಲಿ ಗರಸು ಸಿಕ್ಕಿ ರಿಮ್ಮು ಸವೆಯುವಂತೆ ಇದರಲ್ಲಿ ಸವೆಯುವುದಿಲ್ಲ. ಆದರೆ ಡಿಸ್ಕಿನಲ್ಲೂ ಎರಡು ಜಾತಿ. ತಂತಿಯಿಂದ ಎಳೆಯುವುದು ಒಂದು, ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಇನ್ನೊಂದು. ಆರಂಭದ ಬೆಲೆಯಲ್ಲಿ ಸಿಗುವುದು ಮೊದಲನೆಯದು. ಅದರ ಪ್ಯಾಡು ಸವೆದಂತೆಲ್ಲ ಮತ್ತೆ ಮತ್ತೆ ಸರಿಮಾಡಿಸಬೇಕು. ಶಾಲೆಯ ಸ್ಟ್ಯಾಂಡಿನಲ್ಲಿ ಮತ್ತೊಂದು ಸೈಕಲ್ಲು ಬಿದ್ದು ತೆಳ್ಳನೆಯ ತಟ್ಟೆ ತುಸು ಬಾಗಿದರೂ ಸಾಕು, ಸುತ್ತು ಸುತ್ತಿಗೂ 'ಚರ್ ಚರ್' ಸದ್ದು.

ಇದರ ಎದುರಿಗೆ 'ವಿ-ಬ್ರೇಕ್', ಅಂಗಡಿಗಳ ಭಾಷೆಯಲ್ಲಿ 'ಪವರ್ ಬ್ರೇಕ್', ಅಗ್ಗ ಮತ್ತು ಹಗುರ. ಅದರ ರಬ್ಬರಿನ ಕಟ್ಟೆ ಯಾವ ಅಂಗಡಿಯಲ್ಲೂ ಸಿಗುತ್ತದೆ. ಹತ್ತು ನಿಮಿಷದ ಕೆಲಸ. ಸಮತಟ್ಟು ದಾರಿಯ ಶಾಲಾಮಗುವಿಗೆ ಇದು ಧಾರಾಳ ಸಾಕು. ಬೆಟ್ಟ ಹತ್ತಿಳಿಯುವ ಹವ್ಯಾಸಿಗಳು ಡಿಸ್ಕಿಗೆ ಹೋಗಲಿ, ಆದರೆ ಅದರ ಪ್ಯಾಡು ಊರಿನಲ್ಲಿ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಲಿ.

ಮುಳ್ಳಿಗೆ ಮದ್ದು

ಟೈರಿನ ಬಗ್ಗೆ ಯಾರೂ ಕೇಳುವುದಿಲ್ಲ. ಕೇಳಬೇಕಾದದ್ದು ಅದನ್ನೇ. ಎರಡು ಇಂಚು ಅಗಲದ ಟೈರಿಗೆ ಹದವಾಗಿ ಗಾಳಿ ತುಂಬಿದರೆ ಗರಸು ದಾರಿಯ ಸಣ್ಣ ಕುಲುಕಾಟವನ್ನೆಲ್ಲ ಅದೇ ನುಂಗುತ್ತದೆ. ಈ ಕೆಲಸವನ್ನು ಅಗ್ಗದ ಶಾಕಿಗಿಂತ ಟೈರೇ ಚೆನ್ನಾಗಿ ಮಾಡುತ್ತದೆ. ಎಷ್ಟು ಗಾಳಿ ಎಂಬುದು ಟೈರಿನ ಪಕ್ಕೆಯ ಮೇಲೆ ಅಚ್ಚಾಗಿರುತ್ತದೆ. ದೊಡ್ಡ ದೊಡ್ಡ ಗುಬ್ಬಿಗಳಿರುವ ಟೈರು ಕೆಸರಿಗೆ ಒಳ್ಳೆಯದು, ಡಾಂಬರಿನಲ್ಲಿ ಗುಂಯ್‌ಗುಟ್ಟುತ್ತ ಹಿಂದಕ್ಕೆ ಎಳೆಯುತ್ತದೆ. ನಡುವೆ ಒತ್ತಾದ ಪಟ್ಟಿ, ಅಂಚಿನಲ್ಲಿ ಗುಬ್ಬಿ ಇರುವ ಟೈರು ಈ ಊರಿಗೆ ಹೆಚ್ಚು ಹೊಂದುತ್ತದೆ. ಜಾಲಿಮುಳ್ಳಿಗೆ ಟೈರು-ಟ್ಯೂಬುಗಳ ನಡುವೆ ಹಾಕುವ ಪಟ್ಟಿ ಸಿಗುತ್ತದೆ. ಅದಕ್ಕೆ ತೆತ್ತ ಹಣ ಕೆಲವೇ ಪಂಕ್ಚರುಗಳಲ್ಲಿ ವಾಪಸು ಬರುತ್ತದೆ.

ಚಕ್ರದ ಗಾತ್ರ ಈಗ ಮೂರು ಬಗೆ: 26, 27.5, 29 ಇಂಚು. ದೊಡ್ಡ ಚಕ್ರ ಗುಂಡಿಯನ್ನು ಸುಲಭವಾಗಿ ದಾಟುತ್ತದೆ, ಆದರೆ ಭಾರ ಹೆಚ್ಚು. ಸಣ್ಣ ಎತ್ತರದವರಿಗೆ ಅದು ಅಗಾಧವಾಗುತ್ತದೆ. 26ರ ಟ್ಯೂಬು, ಟೈರು ಹಳ್ಳಿಯ ಅಂಗಡಿಯಲ್ಲೂ ಸಿಗುತ್ತದೆ. ಉಳಿದೆರಡಕ್ಕೆ ಮನೆಯಲ್ಲೊಂದು ಟ್ಯೂಬು ಇಟ್ಟುಕೊಂಡಿರುವುದು ಜಾಣತನ. ಇಂಥ ಸೈಕಲ್ಲುಗಳ ವಾಲ್ವು ಬಹುತೇಕ ಮೋಟಾರ್ ಸೈಕಲ್ಲಿನ ಬಗೆಯದು. ಪೆಟ್ರೋಲ್ ಬಂಕಿನಲ್ಲೂ ಗಾಳಿ ಹಿಡಿಸಬಹುದು. ಆದರೆ ಅಲ್ಲಿಯ ಯಂತ್ರ ಕಣ್ಣುಮಿಟುಕಿಸುವುದರಲ್ಲಿ ಟ್ಯೂಬು ಒಡೆಯುವಷ್ಟು ತುಂಬಿಬಿಡುತ್ತದೆ, ಎಚ್ಚರ ಬೇಕು.

ಡಬ್ಬದಿಂದ ಬಂದ ಸೈಕಲ್ಲು

ಅಂತರ್ಜಾಲದಲ್ಲಿ ತರಿಸಿದ ಸೈಕಲ್ಲು ಅಗ್ಗವಾಗಿ ಕಾಣುತ್ತದೆ. ಅದು ಡಬ್ಬದಲ್ಲಿ ಅರ್ಧಂಬರ್ಧ ಜೋಡಿಸಿದ ಸ್ಥಿತಿಯಲ್ಲಿ ಬರುತ್ತದೆ. ಉಳಿದದ್ದನ್ನು ಮನೆಯಲ್ಲಿ ಸ್ಪ್ಯಾನರ್ ಹಿಡಿದು ಜೋಡಿಸುವಾಗ ಎರಡು ತಪ್ಪು ಪದೇ ಪದೇ ಆಗುತ್ತವೆ. ಎಡ ಪೆಡಲಿನ ತಿರುಪು ಉಲ್ಟಾ ದಿಕ್ಕಿನದು. ಅದನ್ನು ತಿಳಿಯದೆ ಬಲವಂತವಾಗಿ ತಿರುಗಿಸಿದರೆ ಕ್ರ್ಯಾಂಕಿನ ಎಳೆಗಳೇ ಹಾಳು. ಎರಡನೆಯದು, ಫೋರ್ಕನ್ನು ಹಿಂದುಮುಂದಾಗಿ ಕೂರಿಸುವುದು. ಡಿಸ್ಕ್ ಇರುವ ಸೈಕಲ್ಲಿನಲ್ಲಿ ಇದನ್ನು ಕಂಡುಹಿಡಿಯುವುದು ಸುಲಭ: ಮುಂದಿನ ಡಿಸ್ಕು ಸವಾರನ ಎಡಗಡೆ ಇರಬೇಕು. ಬಲಕ್ಕೆ ಬಂದಿದ್ದರೆ ಫೋರ್ಕು ತಿರುಗಿದೆ. ಹಾಗೆಯೇ ಓಡಿಸಿದರೆ ಹ್ಯಾಂಡಲ್ಲು ಹಿಡಿತಕ್ಕೆ ಸಿಗದೆ ತಲೆಕೆಳಗಾಗುವ ಅಪಾಯವಿದೆ.

ಊರಿನ ಅಂಗಡಿಯಲ್ಲಿ ಐನೂರೋ ಸಾವಿರವೋ ಹೆಚ್ಚಾದರೂ ಜೋಡಣೆ, ಮೊದಲ ತಿಂಗಳ ಸರ್ವೀಸು, ಕಡ್ಡಿಗಳ ಬಿಗಿತ ಅದರಲ್ಲೇ ಸೇರಿರುತ್ತವೆ. ಹೊಸ ಸೈಕಲ್ಲಿನ ಕಡ್ಡಿಗಳು ಮೊದಲ ನೂರಿನ್ನೂರು ಕಿಲೋಮೀಟರಿನಲ್ಲಿ ಸಡಿಲವಾಗುತ್ತವೆ, ತಂತಿಗಳು ಹಿಗ್ಗುತ್ತವೆ. ಆಗ ಒಮ್ಮೆ ಬಿಗಿಸಿಕೊಂಡ ಚಕ್ರ ವರ್ಷಗಟ್ಟಲೆ ಬೆಂಡಾಗದೆ ಓಡುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ಲಿನ ಮೇಲಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿದಿದೆ. ಬಿಲ್ಲು ಕೇಳಿ ಪಡೆದರೆ ಆ ಇಳಿಕೆ ಕೈಗೆ ಸೇರಿದೆಯೇ ಎಂದು ನೋಡಬಹುದು, ಫ್ರೇಮಿನ ಮೇಲಿನ ವಾರಂಟಿಗೂ ಆ ಬಿಲ್ಲೇ ಆಧಾರ.

ಹತ್ತಬಾರದ ದಿಬ್ಬ

ಬೆಟ್ಟದ ಸೈಕಲ್ಲು ಮನೆಗೆ ಬಂದ ಮೇಲೆ ಬೆಟ್ಟ ಹುಡುಕುವುದು ಹುಡುಗರ ಸಹಜ ಬುದ್ಧಿ. ಕೆಜಿಎಫ್‌ನಲ್ಲಿ ಕಣ್ಣಿಗೆ ಮೊದಲು ಬೀಳುವುದು ಸೈನೈಡ್ ದಿಬ್ಬಗಳು. ಗಣಿಯಿಂದ ತೆಗೆದ ಕಲ್ಲನ್ನು ಹಿಟ್ಟಿನಂತೆ ಪುಡಿಮಾಡಿ, ಸೈನೈಡ್ ದ್ರಾವಣದಿಂದ ಚಿನ್ನ ತೆಗೆದು, ಉಳಿದದ್ದನ್ನು ಒಂದು ಶತಮಾನಕ್ಕೂ ಹೆಚ್ಚು ಕಾಲ ಸುರಿದು ಎದ್ದ ಗುಡ್ಡಗಳವು. ಅಂಥ 13 ದಿಬ್ಬಗಳು ಸುಮಾರು ಸಾವಿರ ಎಕರೆಯಲ್ಲಿ ಹರಡಿದ್ದು, ಅವುಗಳಲ್ಲಿ ಮೂರು ಕೋಟಿ ಟನ್ನಿಗೂ ಹೆಚ್ಚು ಪುಡಿ ಇದೆ. ಅದರಲ್ಲಿ ಉಳಿದಿರುವ ಚಿನ್ನವನ್ನು ಮತ್ತೆ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು.

ನೋಡಲು ಮರಳುಗಾಡಿನಂತೆ, ಸಿನಿಮಾದ ಸೆಟ್ಟಿನಂತೆ ಕಾಣುವ ಈ ದಿಬ್ಬಗಳು ಸೈಕಲ್ಲಿಗೆ ಹೇಳಿ ಮಾಡಿಸಿದ ಜಾಗವೆಂದು ಅನ್ನಿಸಬಹುದು. ಆದರೆ ಅದು ಮರಳಲ್ಲ. ಕಣ್ಣಿಗೆ ಕಾಣದಷ್ಟು ನುಣ್ಣಗಿನ ಕಲ್ಲುಪುಡಿ. ಗಾಳಿಕಾಲದಲ್ಲಿ ಸುತ್ತಲ ಲೈನುಗಳ ಮನೆಗಳಿಗೂ ಅದು ನುಗ್ಗುತ್ತದೆ. ಇಂಥ ಸಿಲಿಕಾ ಧೂಳನ್ನು ವರ್ಷಗಟ್ಟಲೆ ಉಸಿರಾಡಿಯೇ ಗಣಿ ಕಾರ್ಮಿಕರ ಶ್ವಾಸಕೋಶ ಕಲ್ಲಾದದ್ದು. ಸಿಲಿಕೋಸಿಸ್ ಎಂಬ ಆ ರೋಗಕ್ಕೆ ಗುಣಪಡಿಸುವ ಮದ್ದಿಲ್ಲ. ತುಳಿಯುವಾಗ ಏದುಸಿರು ಬಿಡುವ ಸವಾರ ಆರಾಮವಾಗಿ ಕೂತವನಿಗಿಂತ ಹಲವು ಪಟ್ಟು ಗಾಳಿಯನ್ನು ಒಳಗೆಳೆಯುತ್ತಾನೆ. ಅಜ್ಜ ಹೊಟ್ಟೆಪಾಡಿಗೆ ಕುಡಿದ ಧೂಳನ್ನು ಮೊಮ್ಮಗ ಮೋಜಿಗಾಗಿ ಕುಡಿಯಬೇಕಾಗಿಲ್ಲ. ಮಳೆ ಕೊರೆದ ಆಳವಾದ ಕೊರಕಲುಗಳು, ಗಣಿ ಪ್ರದೇಶದ ಪಾಳುಬಿದ್ದ ಬಾಯಿಗಳು ಇವೆಲ್ಲ ಬೇರೆ.

ಹೋಗಬಹುದಾದ ದಾರಿಗಳು ಬೇಕಾದಷ್ಟಿವೆ. ಚಿನ್ನದ ಗಣಿಗೆ ನೀರುಣಿಸಿದ ಪಾಲಾರ್ ನದಿಯ ಬೇತಮಂಗಲ ಕೆರೆಯ ಕಡೆ, ಕೋಟಿಲಿಂಗೇಶ್ವರದ ಕಮ್ಮಸಂದ್ರದ ಕಡೆ, ಹೈದರಾಲಿ ಹುಟ್ಟಿದ ಊರೆನ್ನುವ ಬೂದಿಕೋಟೆಯ ಕಡೆ ಬೆಳಗಿನ ಸವಾರಿ ಚೆಂದ. ಕಾಮಸಮುದ್ರದ ಗಡಿಭಾಗದ ಕಾಡಂಚಿಗೆ ಆನೆಗಳು ಬರುವುದುಂಟು. ಅತ್ತ ಹೋಗುವವರು ಚೆನ್ನಾಗಿ ಬೆಳಕಾದ ಮೇಲೆ, ಊರವರನ್ನು ವಿಚಾರಿಸಿಕೊಂಡು ಹೊರಡಬೇಕು.

ಯಾರಿಗೆ ಯಾವುದು?

ಕೊನೆಗೆ ಲೆಕ್ಕ ಹೀಗೆ ಕೂಡುತ್ತದೆ. ಕೈಯಲ್ಲಿ ಹತ್ತು ಸಾವಿರದೊಳಗಿದ್ದು, ಬಳಕೆ ಶಾಲೆ, ಅಂಗಡಿ, ಡೇರಿಗಾದರೆ ಶಾಕು, ಡಿಸ್ಕುಗಳ ಆಸೆ ಬಿಟ್ಟು ಉಕ್ಕಿನ, ಗೇರಿಲ್ಲದ, ಸಾದಾ ಫೋರ್ಕಿನ ದಪ್ಪ ಟೈರಿನ ಸೈಕಲ್ಲು ಕೊಳ್ಳುವುದು ಮೇಲು. ಅದೇ ಹಣದಲ್ಲಿ ಎಲ್ಲವೂ ಬೇಕೆಂದರೆ ಯಾವುದೂ ಗಟ್ಟಿಯಾಗಿರುವುದಿಲ್ಲ. ಹನ್ನೆರಡರಿಂದ ಹದಿನೆಂಟು ಸಾವಿರದಲ್ಲಿ ಹಿಂದೆ ಏಳು ಗೇರು, ವಿ-ಬ್ರೇಕ್, ಮೈಗೆ ಸರಿಯಾದ ಅಳತೆಯ ಚೌಕಟ್ಟು ಸಿಕ್ಕರೆ ಅದು ಹೈಸ್ಕೂಲಿನಿಂದ ಕಾಲೇಜಿನವರೆಗೆ ಬರುತ್ತದೆ. ಮಿಶ್ರಲೋಹದ ಚೌಕಟ್ಟು, ತಡೆದು ಏಳುವ ಫೋರ್ಕು, ಕ್ಯಾಸೆಟ್ ಹಬ್ಬು, ಹೈಡ್ರಾಲಿಕ್ ಬ್ರೇಕ್ ಇರುವ ನಿಜವಾದ ಹಾರ್ಡ್‌ಟೇಲ್ ಇಪ್ಪತ್ತೈದು-ಮೂವತ್ತು ಸಾವಿರದಿಂದ ಆಚೆಗಿನದು. ಬೆಟ್ಟ ಹತ್ತುವ ಹುಚ್ಚು ನಿಜವಾಗಿಯೂ ಹಿಡಿದವರಿಗೆ ಆ ಹಣ ದಂಡವಲ್ಲ.

ಇನ್ನು ಆ ಹುಡುಗನ ಆಸೆ. ಅದನ್ನು ತಳ್ಳಿಹಾಕುವುದೂ ಸರಿಯಲ್ಲ. ಇಷ್ಟವಿಲ್ಲದ ಸೈಕಲ್ಲನ್ನು ಯಾವ ಮಗುವೂ ಒರೆಸುವುದಿಲ್ಲ, ಚೈನಿಗೆ ಎಣ್ಣೆ ಬಿಡುವುದಿಲ್ಲ. ಬಣ್ಣ, ಹ್ಯಾಂಡಲ್ಲು, ಟೈರು ಅವನ ಆಯ್ಕೆಗೆ ಬಿಟ್ಟು, ಅಳತೆ, ಬ್ರೇಕು, ಹಬ್ಬುಗಳನ್ನು ಅಪ್ಪ ನೋಡಿಕೊಂಡರೆ ಜಗ್ಗಾಟ ಅರ್ಧಕ್ಕೇ ಮುಗಿಯುತ್ತದೆ. ಮಿಕ್ಕ ಹಣದಲ್ಲಿ ಒಂದು ಹೆಲ್ಮೆಟ್, ಒಂದು ಕೈಪಂಪು, ಕತ್ತಲಿಗೆ ಹಿಂದೊಂದು ಕೆಂಪು ದೀಪ ತರಬಹುದು. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಅಂಗಡಿಯ ಬಾಗಿಲಲ್ಲಿ ಮಿಂಚುವ ಬೆಟ್ಟದ ಸೈಕಲ್ಲಿಗೂ ಸಲ್ಲುತ್ತದೆ. ಹತ್ತಿರ ಹೋಗಿ, ಒತ್ತಿ, ತೂಗಿ, ಏರಿ ಕೂತು ನೋಡಿದ ಮೇಲೆ ಜೇಬಿಗೆ ಕೈಹಾಕಿದರೆ ನಷ್ಟವಿಲ್ಲ.